ಮಚ್ಚು ಹಿಡಿದು ಒಳಗಿಂದ ಚಿಲಕ ಹಾಕಿಕೊಂಡವನ ಮನೆಗೆ ಡ್ರೋನ್ ಬಿಡಬಹುದೇ? ತುಮಕೂರು ಜಿಲ್ಲೆಗೆ ಹೊಂದುವ ಸಲಹೆ ಬೇಕು

ಮಧುಗಿರಿ_ಏಕಶಿಲೆ ಕೇಳಿದ್ದು:

ನಮಸ್ಕಾರ. ಜಿಲ್ಲಾ ಪೊಲೀಸ್ ಘಟಕಕ್ಕೆ ಡ್ರೋನ್ ಬಗ್ಗೆ ಒಂದು ತಾಂತ್ರಿಕ ಟಿಪ್ಪಣಿ ಸಿದ್ಧವಾಗಬೇಕಿದೆ. ಜಾತ್ರೆ, ಮೆರವಣಿಗೆ ಮೇಲೆ ಹಾರಿಸುವ ಡ್ರೋನ್ ವಿಷಯ ಅಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಟೆಕ್ಸಾಸ್‌ನ ಕಂಪನಿಯೊಂದು ಶಾಲೆಯೊಳಗೆ ಪೆಟ್ಟಿಗೆಯಲ್ಲಿ ಡ್ರೋನ್ ಇಟ್ಟು, ಬಂದೂಕು ಹಿಡಿದವನು ನುಗ್ಗಿದರೆ ದೂರದಲ್ಲಿ ಕೂತ ಪೈಲಟ್ ಸೈರನ್, ಲೈಟು, ಪೆಪ್ಪರ್ ಜೆಲ್‌ನಿಂದ ಅವನನ್ನು ತಡೆಯುವ ವ್ಯವಸ್ಥೆ ಮಾರುತ್ತಿದೆಯಲ್ಲ, ಆ ತರಹದ್ದು. ನಮ್ಮಲ್ಲಿ ಬಂದೂಕು ಅಪರೂಪ. ಮಚ್ಚು, ಲಾಂಗು, ಪೆಟ್ರೋಲ್ ಕ್ಯಾನ್, ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಹೆಂಡತಿ ಮಕ್ಕಳನ್ನು ಕೂಡಿಹಾಕುವ ಪ್ರಕರಣಗಳಿಗೆ ಇದು ಆಗುತ್ತಾ? ಒಳಗೆ ಹಾರುತ್ತಾ? ಪೆಪ್ಪರ್ ಹಾಕಬಹುದಾ? ಕಾನೂನು ಏನನ್ನುತ್ತೆ?

ಗುಬ್ಬಿ_ಎಫ್‌ಪಿವಿ

ಹೊರಗೆ ಹಾರಿಸುವ ಡ್ರೋನ್ ಬೇರೆ, ಮನೆಯೊಳಗೆ ನುಗ್ಗಿಸುವುದು ಬೇರೆ. ಒಂದರಲ್ಲೇ ಎರಡೂ ಕೆಲಸ ಮಾಡಿಸಲು ಹೋದರೆ ಎರಡೂ ಕೆಡುತ್ತೆ.

ಹೊರಗಿನದಕ್ಕೆ ಜೂಮ್ ಕ್ಯಾಮೆರಾ, 640×512 ಥರ್ಮಲ್ (ಬಿಸಿಯನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ), ಸ್ಪೀಕರ್ ಸಾಕು. ಥರ್ಮಲ್ ಬಗ್ಗೆ ಸಿನಿಮಾ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಗೋಡೆ ಇರಲಿ, ಕಿಟಕಿಯ ಗಾಜನ್ನೂ ಅದು ದಾಟಲ್ಲ. ಮಧ್ಯಾಹ್ನ ಕಾದ ಬಂಡೆ, ಶೀಟ್ ಮನೆಗಳ ನಡುವೆ ಮನುಷ್ಯನ ಮೈಬಿಸಿ ಬೇರೆಯಾಗಿ ಕಾಣಲ್ಲ. ಬೆಳಗಿನ ಜಾವ ಸ್ಪಷ್ಟವಾಗಿ ಕಾಣುತ್ತೆ. ದಟ್ಟ ಮಾವಿನ ತೋಟದಲ್ಲಿ ಮರದ ಬುಡಕ್ಕೆ ಕೂತವನು ಸಿಗುವುದು ಕಷ್ಟ.

ಒಳಗಿನ ಕಥೆ ಇನ್ನೂ ಕಷ್ಟದ್ದು. ಜಿಪಿಎಸ್ ಸಿಗಲ್ಲ. ಆರ್‌ಸಿಸಿಯ ಕಬ್ಬಿಣಕ್ಕೆ ದಿಕ್ಸೂಚಿ ತಪ್ಪುತ್ತೆ. ಕೆಳಮುಖದ ಕ್ಯಾಮೆರಾ ನೆಲದ ಗುರುತು ನೋಡಿಕೊಂಡು ಡ್ರೋನನ್ನು ಒಂದೇ ಕಡೆ ನಿಲ್ಲಿಸುತ್ತೆ. ಕತ್ತಲಲ್ಲಿ, ಹೊಳೆಯುವ ಟೈಲ್ಸ್ ಮೇಲೆ ಅದಕ್ಕೆ ಗುರುತೇ ಸಿಗಲ್ಲ, ಡ್ರೋನ್ ಜಾರಿಕೊಂಡು ಹೋಗಿ ಗೋಡೆಗೆ ಬಡಿಯುತ್ತೆ. ಹಾಗಾಗಿ ಲೇಸರ್‌ನಿಂದ ದೂರ ಅಳೆಯುವ ಲೈಡಾರ್ ಇರಬೇಕು, ಇಲ್ಲವೇ ಪೂರ್ತಿ ಕೈಯಲ್ಲೇ ಹಾರಿಸುವ ಪೈಲಟ್ ಇರಬೇಕು. ರೆಕ್ಕೆಗಳ ಸುತ್ತ ಪೂರ್ತಿ ಗಾರ್ಡ್ ಬೇಕು. ಮಗುಚಿ ಬಿದ್ದರೆ ತಾನೇ ತಿರುಗಿಕೊಳ್ಳುವ ಟರ್ಟಲ್ ಮೋಡ್ ಇಲ್ಲದ್ದನ್ನು ಕೊಳ್ಳಲೇಬೇಡಿ. 5.8 ಗಿಗಾಹರ್ಟ್ಸ್ ವಿಡಿಯೊ ಎರಡು ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಒಡೆಯುತ್ತೆ, ಆದ್ದರಿಂದ ಪೈಲಟ್ ಬಾಗಿಲು ಅಥವಾ ಕಿಟಕಿಗೆ ನೇರ ಇರುವ ಮರೆಯಲ್ಲಿ ನಿಲ್ಲಬೇಕು. ಇಷ್ಟೆಲ್ಲ ಹೊತ್ತ ಸಣ್ಣ ಡ್ರೋನ್ ಒಂದು ಬ್ಯಾಟರಿಗೆ 5ರಿಂದ 10 ನಿಮಿಷ ಹಾರಿದರೆ ಹೆಚ್ಚು. ಎರಡು ಡ್ರೋನ್, ಆರು ಬ್ಯಾಟರಿ ಕನಿಷ್ಠ.

ಯಾವ ಬ್ರೋಷರ್‌ನಲ್ಲೂ ಬರೆಯದ ಶತ್ರು ಸೀಲಿಂಗ್ ಫ್ಯಾನ್. ಬೆಸ್ಕಾಂನವರನ್ನು ಕರೆಸಿ ಕಂಬದಲ್ಲೇ ಲೈನ್ ತೆಗೆಸಿದರೆ ಫ್ಯಾನ್ ನಿಲ್ಲುತ್ತೆ, ಆದರೆ ಲೈಟೂ ಹೋಗುತ್ತೆ. ಅಂದರೆ ಡ್ರೋನ್‌ನಲ್ಲೇ ಲೈಟ್ ಇರಬೇಕು. ಮನೆಯಲ್ಲಿ ಯುಪಿಎಸ್ ಇದ್ದರೆ ಫ್ಯಾನ್ ತಿರುಗುತ್ತಲೇ ಇರುತ್ತೆ ಅನ್ನುವುದನ್ನೂ ಮರೆಯಬೇಡಿ. ಸೊಳ್ಳೆಪರದೆ, ಒಣಹಾಕಿದ ಸೀರೆ, ಬಾಗಿಲ ಪರದೆ ಇವೂ ರೆಕ್ಕೆಗೆ ಸುತ್ತಿಕೊಳ್ಳುತ್ತವೆ.

ಮಾತುಕತೆಗೆ ಬಳಸುವುದಾದರೆ ಹಾರುತ್ತಾ ಮಾತಾಡಬೇಡಿ. ಮೋಟಾರ್ ಸದ್ದಿನಲ್ಲಿ ಮೈಕ್‌ಗೆ ಏನೂ ಕೇಳಲ್ಲ, ಆ ಗುಂಯ್ ಸದ್ದು ಒಳಗಿರುವವನನ್ನು ಇನ್ನಷ್ಟು ಕೆರಳಿಸುತ್ತೆ. ಮೂಲೆಯಲ್ಲಿ ಇಳಿಸಿ, ಮೋಟಾರ್ ನಿಲ್ಲಿಸಿ, ಆಮೇಲೆ ಮಾತು. ಅಮೆರಿಕದ ಬ್ರಿಂಕ್ ಕಂಪನಿಯ ಲೆಮೂರ್‌ನಲ್ಲಿ ಕಿಟಕಿ ಗಾಜು ಒಡೆಯುವ ಸಾಧನವೂ ಎರಡೂ ಕಡೆಯ ಧ್ವನಿಯೂ ಇವೆ. ನಮ್ಮ ಕಿಟಕಿಗಳಿಗೆ ಕಬ್ಬಿಣದ ಸರಳು ಇರುವುದರಿಂದ ಗಾಜು ಒಡೆದೂ ಒಳಗೆ ಹೋಗಲಾಗಲ್ಲ. ಬಾಗಿಲ ಮೇಲಿನ ಕಿಂಡಿ, ಹಿತ್ತಿಲ ಬಾಗಿಲು, ಮಹಡಿ ಮೆಟ್ಟಿಲು, ಇವೇ ದಾರಿ.

ಗಾಳಿ_ದಿಕ್ಕು

ಪೆಪ್ಪರ್ ಪ್ರಶ್ನೆಗೆ ನೇರ ಉತ್ತರ: ಮನೆಯೊಳಗೆ ಬೇಡ.

ಹತ್ತಡಿ ಹತ್ತಡಿ ಕೋಣೆಯಲ್ಲಿ ಸ್ಪ್ರೇ ಬಿಟ್ಟರೆ ರೆಕ್ಕೆಯ ಗಾಳಿಯೇ ಅದನ್ನು ಮೂಲೆಮೂಲೆಗೂ ಹರಡುತ್ತೆ. ಮಚ್ಚು ಹಿಡಿದವನಿಗಿಂತ ಮೊದಲು ಮಗು ಉಸಿರು ಕಟ್ಟುತ್ತೆ. ಜೆಲ್ ಅಷ್ಟು ಹರಡಲ್ಲ ನಿಜ, ಆದರೆ ಅದು ಮುಖಕ್ಕೇ ತಗುಲಬೇಕು. ಅಲುಗಾಡುವ ಡ್ರೋನ್‌ನಿಂದ ತಲೆ ತಿರುಗಿಸುತ್ತಿರುವವನ ಮುಖಕ್ಕೆ ಗುರಿ ಇಡುವುದು ಡೆಮೊ ವಿಡಿಯೊದಲ್ಲಿ ಕಂಡಷ್ಟು ಸುಲಭ ಅಲ್ಲ. ಕಣ್ಣು ಉರಿಯುತ್ತಿದ್ದರೂ ಮಚ್ಚು ಕೈಯಲ್ಲೇ ಇರುತ್ತೆ, ಕುರುಡಾಗಿ ಬೀಸತೊಡಗುತ್ತಾನೆ. ಗಾಳಿಯಾಡದ ಮುಚ್ಚಿದ ಜಾಗದಲ್ಲಿ ಇಂಥ ರಾಸಾಯನಿಕ ಬಳಸಬಾರದು ಎಂದು ವಿಶ್ವಸಂಸ್ಥೆಯ 2020ರ ಮಾರ್ಗದರ್ಶಿಯೂ ಹೇಳುತ್ತೆ.

ಅಶ್ರುವಾಯು ಶೆಲ್ ಇನ್ನೂ ಅಪಾಯ. ಬಿಎಸ್‌ಎಫ್‌ನ ಟೇಕನ್‌ಪುರ ಘಟಕ 2022ರಲ್ಲಿ ಡ್ರೋನ್‌ನಿಂದ ಶೆಲ್ ಬೀಳಿಸುವ ಸಾಧನ ಮಾಡಿತು. 2024ರ ಫೆಬ್ರವರಿಯಲ್ಲಿ ಹರಿಯಾಣ ಪೊಲೀಸರು ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ರೈತರ ಮೇಲೆ ಡ್ರೋನ್‌ನಿಂದ ಶೆಲ್ ಹಾಕಿದರು, ರೈತರು ಗಾಳಿಪಟ ಹಾರಿಸಿ ಡ್ರೋನ್ ಕೆಡವಲು ನೋಡಿದರು. ಲೆಕ್ಕ ಹಾಕಿ: 30 ಮೀಟರ್ ಎತ್ತರದಿಂದ ಬಿದ್ದ ವಸ್ತು ಗಾಳಿಯ ತಡೆ ಬಿಟ್ಟರೆ ಸೆಕೆಂಡಿಗೆ ಸುಮಾರು 24 ಮೀಟರ್, ಅಂದರೆ ಗಂಟೆಗೆ 87 ಕಿ.ಮೀ. ವೇಗದಲ್ಲಿ ತಲೆಗೆ ಬಡಿಯುತ್ತೆ. ಉರಿದು ಹೊಗೆ ಬಿಡುವ ಶೆಲ್ ಆದರೆ ಬೆಂಕಿಯೂ ಹೊತ್ತಿಸುತ್ತೆ. ತಿಪಟೂರು ಕಡೆಯ ಕೊಬ್ಬರಿ ಅಟ್ಟ, ಸಿಪ್ಪೆ ರಾಶಿ, ರಾಗಿ ಹುಲ್ಲಿನ ಬಣವೆ ಪಕ್ಕ ಅದನ್ನು ಹಾಕುವವರು ಮೊದಲು ಅಗ್ನಿಶಾಮಕದವರನ್ನು ಕರೆಸಿಟ್ಟುಕೊಳ್ಳಲಿ.

ಟೇಸರ್ (ತಂತಿ ಕಟ್ಟಿದ ಎರಡು ಮುಳ್ಳು ಹಾರಿಸಿ ಕರೆಂಟ್ ಹೊಡೆಸುವ ಸಾಧನ) ಡ್ರೋನ್ ಕೇಳುವ ಮೊದಲೇ ಹೇಳಿಬಿಡುತ್ತೇನೆ. 2022ರ ಜೂನ್‌ನಲ್ಲಿ ಆಕ್ಸಾನ್ ಕಂಪನಿ ಅದನ್ನು ಘೋಷಿಸಿತು, ಅದರ ನೈತಿಕ ಸಲಹಾ ಮಂಡಳಿಯ 9 ಸದಸ್ಯರು ರಾಜೀನಾಮೆ ಕೊಟ್ಟರು, ಕಂಪನಿ ಯೋಜನೆ ನಿಲ್ಲಿಸಿತು. ತಾಂತ್ರಿಕವಾಗಿಯೂ ಎರಡು ಮುಳ್ಳೂ ಸಾಕಷ್ಟು ಅಂತರದಲ್ಲಿ ಮೈಗೆ ಚುಚ್ಚದಿದ್ದರೆ ಸ್ನಾಯು ಹಿಡಿಯಲ್ಲ. ಪೆಟ್ರೋಲ್ ಸುರಿದುಕೊಂಡವನ ಮೇಲೆ ಅದರ ಕಿಡಿ ಬಿದ್ದರೆ ಏನಾಗುತ್ತೆ ಅಂತ ವಿವರಿಸಬೇಕಿಲ್ಲ.

ಗ್ಯಾಸ್ ವಾಸನೆ ಬಂದರೆ ಯಾವ ಡ್ರೋನನ್ನೂ ಒಳಗೆ ಬಿಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತೆ. ಬಿದ್ದ ಡ್ರೋನ್‌ನ ಬ್ಯಾಟರಿ ಶಾರ್ಟ್ ಆಗುವುದೂ ಅಲ್ಲೇ.

ಕೋರ್ಟ್_ಹಾಲ್_2

ಕಾನೂನು ಭಾಗ ಚುಟುಕಾಗಿ. 2021ರ ಡ್ರೋನ್ ನಿಯಮಗಳಲ್ಲಿ ನೇರ ವಿನಾಯಿತಿ ಇರುವುದು ಭೂ, ನೌಕಾ, ವಾಯುಪಡೆಗಳಿಗೆ, ಪೊಲೀಸರಿಗಲ್ಲ. ಆದ್ದರಿಂದ ನೋಂದಣಿ ಸಂಖ್ಯೆ, ತೂಕಕ್ಕೆ ತಕ್ಕಂತೆ ಪೈಲಟ್ ಪ್ರಮಾಣಪತ್ರ, ಸರ್ಕಾರದ ಡ್ರೋನ್ ಪೋರ್ಟಲ್ ಆದ ಡಿಜಿಟಲ್ ಸ್ಕೈಯ ನಕ್ಷೆ ಎಲ್ಲವೂ ಬೇಕು. 250 ಗ್ರಾಂವರೆಗಿನದು ನ್ಯಾನೊ, 2 ಕೆಜಿವರೆಗೆ ಮೈಕ್ರೊ. ಸ್ಪೀಕರ್ ಕಟ್ಟಿದ ತಕ್ಷಣ ನ್ಯಾನೊ ಹೋಗಿ ಮೈಕ್ರೊ ಆಗುತ್ತೆ, ತೂಕ ಹಾಕಿ ನೋಡಿ. ಹಸಿರು ವಲಯದಲ್ಲಿ (ಪೂರ್ವಾನುಮತಿ ಇಲ್ಲದೆ ಹಾರಿಸಬಹುದಾದ ಪ್ರದೇಶ) 400 ಅಡಿ ಎತ್ತರದವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ 200 ಅಡಿ. ಗುಬ್ಬಿ ಬಳಿಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಸುತ್ತ ನಕ್ಷೆ ನೋಡದೆ ಏರಿಸಬೇಡಿ. ಪೂರ್ತಿ ತಯಾರಾದ ವಿದೇಶಿ ಡ್ರೋನ್ ಆಮದಿಗೆ 2022ರ ಫೆಬ್ರವರಿ 9ರಿಂದ ನಿಷೇಧ ಇದೆ. ಭದ್ರತಾ ಉದ್ದೇಶಕ್ಕೆ ವಿನಾಯಿತಿ ಇದ್ದರೂ ಪೂರ್ವಾನುಮತಿ ಬೇಕು.

ಗುಂಪು ಚದುರಿಸಲು ಬಲಪ್ರಯೋಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 148ರ ಅಡಿ, ದಸ್ತಗಿರಿಗೆ ಬಲಪ್ರಯೋಗ 43ರ ಅಡಿ. ಡ್ರೋನ್ ಬಂತೆಂದು ಈ ಮಿತಿ ಸಡಿಲ ಆಗಲ್ಲ. ಯಾರ ಆದೇಶದ ಮೇಲೆ, ಎಷ್ಟು ಗಂಟೆಗೆ ಏರಿತು ಅನ್ನುವುದು ಸ್ಟೇಷನ್ ಡೈರಿಗೆ ಬರಬೇಕು. ಮಾನಸಿಕ ಅಸ್ವಸ್ಥತೆ ಅನ್ನಿಸಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅವನ ರಕ್ಷಣೆಯೂ ಪೊಲೀಸರ ಹೊಣೆ.

ಸಾಕ್ಷ್ಯ ಕೆಡುವುದು ವಾಟ್ಸ್ಆ್ಯಪ್‌ನಲ್ಲಿ. ವಿಡಿಯೊ ಅಲ್ಲಿಗೆ ಹೋದರೆ ಕುಗ್ಗುತ್ತೆ, ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬದಲಾಗುತ್ತೆ. ಮೆಮೊರಿ ಕಾರ್ಡ್ ಅಲ್ಲೇ ತೆಗೆದು, ಹ್ಯಾಶ್ ಬರೆದು, ಸೀಲ್ ಮಾಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರಕ್ಕೆ ಭಾಗ ಎ (ಹಾಜರುಪಡಿಸುವವರದು), ಭಾಗ ಬಿ (ತಜ್ಞರದು) ಎರಡೂ ಬೇಕು.

ಮಧುಗಿರಿ_ಏಕಶಿಲೆ

ತುಂಬಾ ಉಪಯೋಗ ಆಯ್ತು. ಪೆಪ್ಪರ್ ಭಾಗ ಟಿಪ್ಪಣಿಯಿಂದ ತೆಗೆಯುತ್ತೇನೆ. ಇನ್ನೊಂದು: ಪಾವಗಡ ಸುತ್ತ ಬಹುಪಾಲು ಆಂಧ್ರದ ಗಡಿ. ಅಲ್ಲಿಗೆ ಹೊರಗಿನ ಡ್ರೋನ್ ಎಲ್ಲಿಡಬೇಕು? ಜಿಲ್ಲಾ ಕೇಂದ್ರದಲ್ಲಿ ಇದ್ದರೆ ಸಾಕಾ?

ಮುಳಬಾಗಿಲು_ರಿಲೇ

ಸಾಲದು ಮೇಡಂ. ಸೆಕೆಂಡಿಗೆ 15 ಮೀಟರ್ ಹಾರುವ ಡ್ರೋನ್ 3 ಕಿ.ಮೀ. ಮುಟ್ಟಲು 200 ಸೆಕೆಂಡ್ ಬೇಕು. ತುಮಕೂರಿಂದ ಪಾವಗಡಕ್ಕೆ ಅದು ಬರುವುದು ಜೀಪಲ್ಲೇ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಕ್ಯಾಲಿಫೋರ್ನಿಯಾದ ಚುಲಾ ವಿಸ್ಟಾ ಪೊಲೀಸರು 2018ರಿಂದ ಕರೆ ಬಂದ ಕೂಡಲೇ ಕಟ್ಟಡದ ಮೇಲಿಂದ ಡ್ರೋನ್ ಬಿಡುತ್ತಾರೆ, ಆದರೆ ಅದು ಒತ್ತಾಗಿ ಕಟ್ಟಿದ ಊರು. ಅಲ್ಲದೆ ನಮ್ಮಲ್ಲಿ ಕಣ್ಣಿಗೆ ಕಾಣುವ ದೂರ ಮೀರಿ ಹಾರಿಸಲು ಪ್ರತ್ಯೇಕ ಅನುಮತಿ ಬೇಕು. ಹಾಗಾಗಿ ಮಧುಗಿರಿ, ಪಾವಗಡ, ಶಿರಾದಲ್ಲಿ ಒಂದೊಂದು 112 ಗಾಡಿಯಲ್ಲೇ ಪೆಟ್ಟಿಗೆ ಇಡುವುದು ಲೇಸು.

ಗಡಿ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಶಂಭುವಿನಲ್ಲಿ ಹರಿಯಾಣದ ಡ್ರೋನ್ ತನ್ನ ನೆಲದ ಮೇಲೆ ಬಂದದ್ದಕ್ಕೆ ಪಂಜಾಬ್ ಆಡಳಿತ ಆಕ್ಷೇಪಿಸಿತ್ತು. ಗಡಿ ಠಾಣೆಗಳ ನಡುವೆ ಮೊದಲೇ ಪತ್ರ ಆಗಿರಲಿ, ಡ್ರೋನ್ ಗಡಿ ದಾಟದಂತೆ ಸಾಫ್ಟ್‌ವೇರ್ ಬೇಲಿ (ಜಿಯೊಫೆನ್ಸ್) ಹಾಕಿರಲಿ.

ಸ್ಪೀಕರ್‌ಗೆ ಕನ್ನಡದ ಜೊತೆ ತೆಲುಗು, ಉರ್ದು ಧ್ವನಿ ಮೊದಲೇ ತುಂಬಿಡಿ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆ ತೆಲುಗಿಲ್ಲದೆ ಆಗಲ್ಲ. ಒಂದು ವಾಕ್ಯಕ್ಕಿಂತ ಹೆಚ್ಚು ಬೇಡ, 30 ಮೀಟರ್ ಮೇಲಿಂದ ಉದ್ದದ ಎಚ್ಚರಿಕೆ ಯಾರಿಗೂ ಅರ್ಥ ಆಗಲ್ಲ.

ಬಯಲಲ್ಲಿ ಒಬ್ಬನೇ ನಿಂತವನಿಗೆ ಜೆಲ್ ಹಾಕಬಹುದು ಅನ್ನುವುದು ನನ್ನ ಅಭಿಪ್ರಾಯ, ಗಾಳಿ_ದಿಕ್ಕು ಅವರು ಒಪ್ಪಲಿಕ್ಕಿಲ್ಲ.

ಗಾಳಿ_ದಿಕ್ಕು

ಒಪ್ಪಲ್ಲ. ಬಯಲಲ್ಲಿ ಒಬ್ಬನೇ ಇದ್ದರೆ ಆತುರ ಏನು? ಸುತ್ತ ದೂರ ನಿಂತು, ಮೇಲಿಂದ ನೋಡುತ್ತಾ, ಅವನು ಸುಸ್ತಾಗುವವರೆಗೆ ಕಾಯಬಹುದು. ಆಷಾಢದ ಗಾಳಿಯಲ್ಲಿ ಡ್ರೋನೇ ನಿಲ್ಲಲ್ಲ, ಜೆಲ್ ಎಲ್ಲಿಗೆ ಹೋಗುತ್ತೋ.

ಗುಬ್ಬಿ_ಎಫ್‌ಪಿವಿ

ಗಾಡಿಯಲ್ಲಿ ಇಡುವುದಾದರೆ ಬ್ಯಾಟರಿ ಬಗ್ಗೆ ಬರೆದುಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಬೊಲೆರೊ ಒಳಗೆ ಪೂರ್ತಿ ಚಾರ್ಜ್ ಮಾಡಿದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಊದಿಕೊಳ್ಳುತ್ತೆ. ಸೆಲ್‌ಗೆ 3.8 ವೋಲ್ಟ್ ಇಟ್ಟರೆ ಬಾಳಿಕೆ ಬರುತ್ತೆ, ಆದರೆ ಕರೆ ಬಂದಾಗ ಅರ್ಧ ಚಾರ್ಜೇ ಇರುತ್ತೆ. ಹಾಗಾಗಿ ಎರಡು ಸೆಟ್ ಇರಲಿ. ಒಂದು ಪೂರ್ತಿ ಚಾರ್ಜ್ ಆಗಿ ಠಾಣೆಯ ನೆರಳಲ್ಲಿ, ಲೋಹದ ಪೆಟ್ಟಿಗೆಯಲ್ಲಿ. ಇನ್ನೊಂದು 3.8ರಲ್ಲಿ. ಪಾಳಿ ಬದಲಾದಾಗ ಅದಲುಬದಲು ಮಾಡಿ, ಊದಿದ್ದನ್ನು ಅವತ್ತೇ ಬೇರೆ ತೆಗೆದಿಡಿ. ಕರೆ ಬಂದಾಗ ಗಾಡಿ ಹತ್ತುವವನು ಆ ಪೆಟ್ಟಿಗೆ ಎತ್ತಿಕೊಳ್ಳುವುದು ಕೊನೆಯ ಕೆಲಸ ಅಲ್ಲ, ಮೊದಲ ಕೆಲಸ ಅಂತ ಟಿಪ್ಪಣಿಯಲ್ಲಿ ಬರೆದೇ ಬಿಡಿ.