ಸಹಾಯ ಬೇಕು: ಅಮ್ಮನಿಗೆ ಮೊದಲ ಸಲ ಅಭ್ಯಂಗ, ಏನೆಲ್ಲ ತಯಾರಿ ಮಾಡ್ಕೋಬೇಕು?

ಎಲ್ಲರಿಗೂ ನಮಸ್ಕಾರ. ಬರೋ ಸೋಮವಾರ ಅಮ್ಮನನ್ನು ಮಂಡ್ಯದಿಂದ ಮೈಸೂರಿಗೆ ಅಭ್ಯಂಗಕ್ಕೆ, ಅಂದರೆ ಆಯುರ್ವೇದದ ಎಣ್ಣೆ ಮಸಾಜ್‌ಗೆ, ಕರೆದುಕೊಂಡು ಹೋಗುತ್ತಿದ್ದೇನೆ. ಭುಜ, ಸೊಂಟ ಎರಡೂ ನೋವು. ದೀಪಾವಳಿಯ ಎಣ್ಣೆ ಸ್ನಾನ ಬಿಟ್ಟರೆ ಅವರಿಗೆ ಇದೆಲ್ಲ ಹೊಸದು.

ನನಗೆ ಜಾಸ್ತಿ ಚಿಂತೆ ಊಟದ್ದು. ಹೊಟ್ಟೆ ತುಂಬ ತಿಂದು ಬರಬೇಡಿ, ಎರಡು ಗಂಟೆ ಮುಂಚೆ ಹಗುರವಾಗಿ ತಿನ್ನಿಸಿ ಅಂತ ಅಭ್ಯಂಗ ಮಾಡುವ ಕಡೆಯವರು ಅಂದಿದ್ದಾರೆ. ಅದು ಸರಿನೇ. ಆದರೆ ಅಮ್ಮನಿಗೆ ಶುಗರ್ ಇದೆ. ಮಾತ್ರೆ ನುಂಗಿ ಎರಡು ಇಡ್ಲಿ ತಿಂದು, ಎಣ್ಣೆ ಹಚ್ಚಿಸಿಕೊಂಡು, ಆಮೇಲೆ ಹಬೆ ಪೆಟ್ಟಿಗೆಯಲ್ಲಿ ಕೂತರೆ ಶುಗರ್ ಇಳಿದುಬಿಡಲ್ವಾ? ಹಬೆ ಬೇಡ, ಬರೀ ಅಭ್ಯಂಗ ಸಾಕು ಅಂತ ಕೇಳಬಹುದಾ? ಶುಗರ್ ಇರುವವರು ಏನು ಮಾಡಿದಿರಿ, ದಯವಿಟ್ಟು ಹೇಳಿ. ಮಾತ್ರೆ ವಿಷಯ ನಮ್ಮ ಡಾಕ್ಟರನ್ನೂ ಕೇಳುತ್ತೇನೆ. ರಕ್ತ ತೆಳು ಮಾಡೋ ಮಾತ್ರೆ, ಕಾಲಿನ ಉಬ್ಬಿದ ನರ, ಇವನ್ನೆಲ್ಲ ಮೊದಲೇ ಹೇಳಬೇಕಂತೆ, ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಎರಡನೇದು ಸಂಕೋಚ. ಮಾಡುವವರು ಹೆಂಗಸರೇ, ಅದನ್ನು ಫೋನಲ್ಲಿ ಖಚಿತ ಮಾಡಿಕೊಂಡೆ. ಆದರೂ "ಸೀರೆ ಬಿಚ್ಚಬೇಕಾ?" ಅಂತ ಅಮ್ಮ ದಿನಾ ಕೇಳುತ್ತಾರೆ. ಒಳಗೆ ಏನು ಉಡಲು ಕೊಡುತ್ತಾರೆ? ನಾನು ಜೊತೆಗೆ ಕೂರಬಹುದಾ? ಒತ್ತಿದ್ದು ನೋವಾದರೆ ಬಾಯಿಬಿಟ್ಟು ಹೇಳೋ ಸ್ವಭಾವ ಅವರದ್ದಲ್ಲ, ಅದಕ್ಕೇ.

ಎಣ್ಣೆ ಕಲೆ ಸುಲಭಕ್ಕೆ ಹೋಗಲ್ಲ, ಹಾಗಾಗಿ ಹಳೇ ನೈಟಿ, ಟವೆಲ್, ಕಡಲೆಹಿಟ್ಟು ಇಟ್ಟುಕೊಂಡಿದ್ದೇನೆ. ತಲೆಗೆ ಎಣ್ಣೆ ಹಾಕಿಸಿಕೊಂಡು ಸಂಜೆ ಬಸ್ಸಲ್ಲಿ ವಾಪಸ್ ಬಂದರೆ ಶೀತ ಆಗುತ್ತಾ? ಅಥವಾ ಆ ರಾತ್ರಿ ಮೈಸೂರಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿಯೋದು ಒಳ್ಳೆಯದಾ?