ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಬಂದರೆ ಕಾರ್ಬನ್ ಕಡಿಮೆ ಆಗುತ್ತಾ?

ಜಲನಗರದ ಅಕ್ಕ, ವಿಜಯಪುರ
ನಮಸ್ಕಾರ ರೀ. ಮನೆಯಲ್ಲಿ ನಾಲ್ಕು ಜನ. ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ. ಕರೆಂಟ್ ತಿಂಗಳಿಗೆ 120 ಯೂನಿಟ್, ಮನೆಯವರ ಬೈಕಿಗೆ 15 ಲೀಟರ್ ಪೆಟ್ರೋಲ್. ಗ್ಯಾಸ್ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಇಂಡಕ್ಷನ್ ತಗೋ ಅಂತ ಒಂಬತ್ತನೇ ಕ್ಲಾಸಿನ ಮಗಳು ಗಂಟು ಬಿದ್ದಿದ್ದಾಳೆ. ಅದರ ಮೇಲೆ ರೊಟ್ಟಿ ಉಬ್ಬಲ್ಲ ಅಂತ ಅತ್ತೆಯವರು. ಲೆಕ್ಕ ಗೊತ್ತಿದ್ದವರು ಹೇಳಿ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ಬೆಳಗಾವಿ
ಅಕ್ಕಾರ, ಮೊದಲು ಗ್ಯಾಸು. ಸಿಲಿಂಡರಿನಲ್ಲಿ 14.2 ಕಿಲೋ ಇರುತ್ತದೆ. ಕಿಲೋಗೆ ಸುಮಾರು 3 ಕಿಲೋ ಕಾರ್ಬನ್ ಡೈಆಕ್ಸೈಡ್. ಒಂದು ಕಿಲೋ ಸುಟ್ಟರೆ ಮೂರು ಹೇಗೆ ಸರ್ ಅಂತ ಹುಡುಗರು ಪ್ರತಿ ವರ್ಷ ಕೇಳುತ್ತಿದ್ದರು. ಉಳಿದ ತೂಕ ಗಾಳಿಯ ಆಕ್ಸಿಜನ್‌ದು: 12 ಗ್ರಾಂ ಕಾರ್ಬನ್ 32 ಗ್ರಾಂ ಆಕ್ಸಿಜನ್ ಕೂಡಿ 44 ಗ್ರಾಂ ಆಗುತ್ತದೆ. ಹೀಗೆ ಒಂದು ಸಿಲಿಂಡರಿಗೆ 42 ಕಿಲೋ, ನಿಮಗೆ ತಿಂಗಳಿಗೆ 28.

ಪೆಟ್ರೋಲ್ ಲೀಟರಿಗೆ 2.3 ಕಿಲೋ, ಅಂದರೆ 35ರ ಹತ್ತಿರ.

ಇನ್ನು ಕರೆಂಟು. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋಗೂ ಸ್ವಲ್ಪ ಜಾಸ್ತಿ. ನಿಮ್ಮ 120 ಯೂನಿಟ್ಟಿಗೆ 85 ಕಿಲೋ! ಮೂರರಲ್ಲಿ ಇದೇ ದೊಡ್ಡದು. ಹೊಗೆ ನಿಮ್ಮ ಅಡುಗೆಮನೆಯಲ್ಲಿ ಕಾಣಲ್ಲ ಅಷ್ಟೇ, ನಿಮ್ಮದೇ ಜಿಲ್ಲೆಯ ಕೂಡಗಿಯಲ್ಲಿ ಕಾಣುತ್ತದೆ. ಅಲ್ಲಿನ 2,400 ಮೆಗಾವಾಟೂ ಕಲ್ಲಿದ್ದಲಿನದು.

ಒಂದು ಸಿಲಿಂಡರಿನ ಅಡುಗೆಗೆ ಇಂಡಕ್ಷನ್‌ನಲ್ಲಿ 130 ಯೂನಿಟ್ ಆಸುಪಾಸು ಬೇಕು. ಅಂದರೆ 90 ಕಿಲೋ ಮೇಲೆ. ಗ್ಯಾಸಿನ ದುಪ್ಪಟ್ಟು. ಮಗಳಿಗೆ ಬೈಬೇಡಿ, ಪ್ರಶ್ನೆ ಒಳ್ಳೆಯದೇ ಇದೆ.

ನವನಗರದ ಹುಡುಗ, ಬಾಗಲಕೋಟೆ
ಸರ್, ಆಲಮಟ್ಟಿಯಲ್ಲಿ ನೀರಿನ ಕರೆಂಟೂ ಇದೆಯಲ್ಲ, 290 ಮೆಗಾವಾಟ್? ಊರಲ್ಲಿ ನಮ್ಮವ್ವ ಹತ್ತಿ ಕಟ್ಟಿಗೆ ಉರಿಸುತ್ತಾಳೆ, ಅದೂ ಲೆಕ್ಕಕ್ಕೆ ಬರುತ್ತಾ?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ಬೆಳಗಾವಿ
ತಮ್ಮಾ, ಗ್ರಿಡ್‌ಗೆ ಬಿದ್ದ ಮೇಲೆ ಎಲ್ಲ ಕರೆಂಟೂ ಕಲಸಿ ಹೋಗುತ್ತದೆ. ಆಲಮಟ್ಟಿದು ನನಗೆ, ಕೂಡಗಿದು ನಿನಗೆ ಅಂತ ಆರಿಸೋಕೆ ಬರಲ್ಲ. ಹತ್ತಿ ಗಿಡ ಈ ವರ್ಷ ಗಾಳಿಯಿಂದ ಎಳೆದುಕೊಂಡ ಕಾರ್ಬನ್ನನ್ನೇ ವಾಪಸ್ ಬಿಡುತ್ತದೆ, ಹಾಗಾಗಿ ಅದನ್ನು ಕಲ್ಲಿದ್ದಲಿನ ಪಕ್ಕ ಕೂರಿಸಬಾರದು. ಆದರೆ ಅವ್ವನ ಕಣ್ಣು, ಪುಪ್ಪುಸಕ್ಕೆ ಆ ಹೊಗೆ ಕೆಟ್ಟದ್ದು. ಅವರಿಗೆ ಗ್ಯಾಸೇ ಕೊಡಿಸು, ಈ ಲೆಕ್ಕ ಬಿಡು.

ಅಕ್ಕಾರ, ಸ್ನಾನಕ್ಕೆ ಗೀಸರ್ ಇದೆಯಾ? 2 ಕಿಲೋವಾಟಿನದು ದಿನಾ ಒಂದು ತಾಸು ಉರಿದರೆ ತಿಂಗಳಿಗೆ 60 ಯೂನಿಟ್. ನಿಮ್ಮ ಬಿಲ್ಲಿನ ಅರ್ಧ ಅಲ್ಲೇ ಇರಬಹುದು. ವಿಜಯಪುರದ ಬಿಸಿಲಲ್ಲಿ ನೀರು ಕಾಯಿಸಲು ಕಲ್ಲಿದ್ದಲು ಯಾಕೆ ರೀ?

ಜಲನಗರದ ಅಕ್ಕ, ವಿಜಯಪುರ
ಗೀಸರ್ ಇದೆ ಸರ್, ಚಳಿಗಾಲದಲ್ಲಿ ತಾಸು ಮೀರಿಯೇ ಉರಿಯುತ್ತದೆ. ನಮ್ಮದು ಬಾಡಿಗೆ ಮನೆ. ಮಾಳಿಗೆ ಮೇಲೆ ಸೋಲಾರ್ ಇಡೋಕೆ ಮಾಲೀಕರು ಒಪ್ಪಬೇಕು. ಬಾಡಿಗೆ ಮನೆಯಲ್ಲಿದ್ದು ಹಾಕಿಸಿದವರು ಯಾರಾದರೂ ಇದ್ದೀರಾ? ಮನೆ ಬಿಡುವಾಗ ಬಿಚ್ಚಿ ಒಯ್ಯೋಕೆ ಬರುತ್ತಾ?