ಅಪ್‌ಡೇಟ್: ಕುಡಿದು ಮಲಗಿದರೆ ರಾತ್ರಿ 3 ಗಂಟೆಗೆ ಎಚ್ಚರವಾಗುವ ತೊಂದರೆ

ಇಪ್ಪತ್ತೈದು ದಿನದ ಹಿಂದೆ ಕೇಳಿದ್ದೆ, ನೆನಪಿರಬಹುದು. ನಿದ್ದೆ ಬರಲಿ ಅಂತ ದಿನಾ ರಾತ್ರಿ 60 ಮಿಲಿ ವಿಸ್ಕಿ ಕುಡಿಯುತ್ತಿದ್ದೆ. ಬೇಗ ನಿದ್ದೆ ಹತ್ತುತ್ತಿತ್ತು, ಆದರೆ 3 ಗಂಟೆಗೆ ಎದೆ ಡವಡವ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಈಗ ಬೆಳಗಿನವರೆಗೂ ಮಲಗುತ್ತಿದ್ದೇನೆ.

ಮೊದಲು ಬಿಯರ್‌ಗೆ ಬದಲಾಯಿಸಿ ನೋಡಿದೆ. ಏನೂ ವ್ಯತ್ಯಾಸವಿಲ್ಲ. ಆಮೇಲೆ ಲೆಕ್ಕ ಹಾಕಿದೆ: 5% ಬಿಯರ್ ಅರ್ಧ ಲೀಟರ್ ಕುಡಿದರೂ, 40% ವಿಸ್ಕಿ 60 ಮಿಲಿ ಕುಡಿದರೂ ಒಳಗೆ ಹೋಗುವ ಆಲ್ಕೋಹಾಲ್ ಹೆಚ್ಚುಕಡಿಮೆ ಅಷ್ಟೇ, ಸುಮಾರು 20 ಗ್ರಾಂ! ನೀರು ಜಾಸ್ತಿ ಕುಡಿದದ್ದಕ್ಕೆ ಸುಮ್ನೆ ಎರಡು ಸಲ ಏಳಬೇಕಾಯಿತು, ಅಷ್ಟೆ.

ಕೆಲಸ ಮಾಡಿದ್ದು ‘ಡಾಕ್ಟರ್‌ಗೆ ಹೇಳಿ, ಆಮೇಲೆ ಪೂರ್ತಿ ಬಿಡಿ’ ಎಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ನನ್ನ ಪ್ರಮಾಣಕ್ಕೆ ನೇರವಾಗಿ ನಿಲ್ಲಿಸಬಹುದು ಎಂದರು ಡಾಕ್ಟರ್. ಆದರೆ ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ಬಿಟ್ಟರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯವಂತೆ. ಇದು ನನಗೆ ಗೊತ್ತೇ ಇರಲಿಲ್ಲ. ದಯವಿಟ್ಟು ಅಂಥವರು ಒಬ್ಬರೇ ಪ್ರಯತ್ನಿಸಬೇಡಿ. ನಿದ್ದೆ ಮಾತ್ರೆ ಸೇರಿಸಿಕೊಳ್ಳಿ ಎಂದಿದ್ದರಲ್ವಾ ಒಬ್ಬರು? ಬೇಡವೇ ಬೇಡ. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ.

ಮೊದಲ ಐದು ರಾತ್ರಿ ಬಹಳ ಕಷ್ಟವಾಯಿತು, ನಿದ್ದೆಯೇ ಇಲ್ಲ. ಎರಡನೇ ವಾರ ಸರಿಹೋಯಿತು. ಆಲ್ಕೋಹಾಲ್ ಆರಂಭದಲ್ಲಿ ಮಂಪರು ತರುತ್ತದೆ, ದೇಹದಿಂದ ಇಳಿಯುತ್ತಾ ಬಂದಂತೆ ನಿದ್ದೆ ಕೆಡುತ್ತದೆ. 3 ಗಂಟೆಯ ಗುಟ್ಟು ಅದೇ. ಇನ್ನೊಂದು ವಿಷಯ, ನನ್ನ ಬಿಪಿ 146/94 ಇದ್ದದ್ದು ಮೊನ್ನೆ 132/86 ಬಂತು. ಮುಂದಿನ ತಿಂಗಳು ಮತ್ತೆ ನೋಡಿಸುತ್ತೇನೆ.